ಅಜ್ಜನ ಹೊಲ ಯಾವ ಕಾಲಂಗೆ?

ಮಿನಿ ಪ್ರಾಜೆಕ್ಟಿಗೆ ‘ಕೊಪ್ಪಳ ಜಿಲ್ಲೆಯ ಜೌಗು ಪ್ರದೇಶಗಳ ವರ್ಗೀಕರಣ’ ಎಂದು ಬರೆದುಕೊಟ್ಟಾಗ ಗೆಳೆಯರು ನಕ್ಕರು. ‘ಕುಷ್ಟಗಿ, ಯಲಬುರ್ಗಾ ಕಡೆ ಕುಡಿಯಾಕ ನೀರಿಲ್ಲ, ನೀ ಜೌಗು ಎಲ್ಲಿ ಹುಡುಕ್ತಿಯಪ್ಪ?’ ಸಿವಿಲ್ ಓದುವ ನನಗೂ ಒಳಗೊಳಗೆ ಅದೇ ಅನುಮಾನ.

ಆದರೆ 1971ರ ರಾಮ್ಸರ್ ಒಪ್ಪಂದದ ವ್ಯಾಖ್ಯೆ ನಾವು ತಿಳಿದಷ್ಟು ಸಣ್ಣದಲ್ಲ. ನೀರು ನಿಂತಿರಲಿ ಹರಿಯುತ್ತಿರಲಿ, ವರ್ಷವಿಡೀ ಇರಲಿ ಮಳೆಗಾಲಕ್ಕಷ್ಟೇ ಬರಲಿ, ಸಹಜವಾಗಿರಲಿ ಮನುಷ್ಯ ಕಟ್ಟಿದ್ದಿರಲಿ, ಎಲ್ಲವೂ ಲೆಕ್ಕಕ್ಕೆ. ಹಾಗಾಗಿ ಬೇಸಿಗೆಯಲ್ಲಿ ಬಿರುಕು ಬಿಡುವ ಕುಷ್ಟಗಿ, ಯಲಬುರ್ಗಾದ ಕೆರೆಗಳೂ ಜೌಗು ಪ್ರದೇಶಗಳೇ. ಮುನಿರಾಬಾದಿನ ಜಲಾಶಯವೂ ಹೌದು, 2015ರಲ್ಲಿ ನೀರುನಾಯಿಗಳಿಗೆ ಮೀಸಲಾದ ತುಂಗಭದ್ರೆಯ ಪಾತ್ರವೂ ಹೌದು. ಇಸ್ರೋ 2011ರಲ್ಲಿ ತಂದ ರಾಷ್ಟ್ರೀಯ ಅಟ್ಲಾಸ್ ಇವನ್ನೆಲ್ಲ 19 ಬಗೆಯಾಗಿ ವಿಂಗಡಿಸುತ್ತದೆ. 2.25 ಹೆಕ್ಟೇರಿಗಿಂತ ಚಿಕ್ಕದಾದರೆ ನಕ್ಷೆಯಲ್ಲಿ ಬರೀ ಚುಕ್ಕೆ.

ಗೊಂದಲ ಶುರುವಾದದ್ದು ಗಂಗಾವತಿಯಲ್ಲಿ. ಕಾಲುವೆ ನೀರಿನ ಭತ್ತದ ಗದ್ದೆ ರಾಮ್ಸರ್ ಪಟ್ಟಿಯಲ್ಲಿ ಮಾನವ ನಿರ್ಮಿತ ಜೌಗು ಪ್ರದೇಶ. ನಮ್ಮ ದೇಶದ 2017ರ ಸಂರಕ್ಷಣಾ ನಿಯಮಗಳಲ್ಲಿ ಅಲ್ಲ. ನೀರಾವರಿಗೆಂದೇ ಕಟ್ಟಿದ ಕೆರೆಯನ್ನೂ ಆ ನಿಯಮ ಹೊರಗಿಡುತ್ತದೆ. ತಮಾಷೆ ನೋಡಿ, ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ಜನ ಕಟ್ಟಿದ ಕೆರೆಗಳೇ. ಹಕ್ಕಿಗಳ ಪುಣ್ಯದಿಂದ 2024ರಲ್ಲಿ ರಾಮ್ಸರ್ ತಾಣಗಳಾದವು.

ಇನ್ನು ನಮ್ಮ ಅಜ್ಜನ ಎರಡು ಎಕರೆ. ಕಾಲುವೆ ಕೆಳಗಿನ ತಗ್ಗು ಹೊಲ. ಮೇಲಿನವರು ಬಿಟ್ಟ ನೀರೆಲ್ಲ ಇಲ್ಲಿಗೇ ಇಳಿದು, ಬಸಿದು ಹೋಗಲು ದಾರಿಯಿಲ್ಲದೆ ನಿಂತಿತು. ಈಗ ನಾಲ್ಕು ವರ್ಷದಿಂದ ನಾಟಿ ಇಲ್ಲ.

ಜೌಗನ್ನು ಗುರುತಿಸಲು ನೀರು, ಮಣ್ಣು, ಗಿಡ ಮೂರನ್ನೂ ನೋಡಬೇಕು. ಮೊಣಕಾಲುದ್ದ ಅಗೆದೆ. ಗಾಳಿಯಾಡದ ಮಣ್ಣಿನಲ್ಲಿ ಕಬ್ಬಿಣದ ಅಂಶ ರೂಪ ಬದಲಿಸಿ ಮಣ್ಣು ಬೂದುಬಣ್ಣಕ್ಕೆ ತಿರುಗುತ್ತದೆ. ನಮ್ಮ ಎರೆಮಣ್ಣಿನಲ್ಲಿ ಅದು ಅಷ್ಟು ಸುಲಭಕ್ಕೆ ಕಾಣದು, ಬೇರಿನ ಸುತ್ತ ತುಕ್ಕುಬಣ್ಣದ ಗೆರೆ ಮಾತ್ರ ಸ್ಪಷ್ಟವಿತ್ತು. ಕೊಳೆತ ಮೊಟ್ಟೆಯ ವಾಸನೆ. ಆಳೆತ್ತರದ ಜೊಂಡು. ಒಣಗಿದ ಅಂಚಿನಲ್ಲಿ ಬಿಳಿ ಉಪ್ಪು. ಬೆಳ್ಳಕ್ಕಿಗಳು ಅಜ್ಜನ ಹೊಲದಲ್ಲಿ ಹಾಯಾಗಿ ಅಡ್ಡಾಡುತ್ತಿದ್ದವು. ಯಾವ ಪರೀಕ್ಷೆಗೂ ಹೀಗೆ ನೂರಕ್ಕೆ ನೂರು ಅಂಕ ಬಿದ್ದದ್ದು ನಾನು ಕಂಡಿಲ್ಲ.

‘ಅಜ್ಜ, ಇದು ಈಗ ಜೌಗು ಪ್ರದೇಶ’ ಎಂದು ಉತ್ಸಾಹದಿಂದ ಹೇಳಿಬಿಟ್ಟೆ.

‘ನಾವು ಸವಳು-ಜವಳು ಅಂತೀವಿ. ಅದನ್ನ ತಿಳಕೊಳ್ಳಾಕ ಕಾಲೇಜು ಬೇಕಾತೇನು?’ ಎಂದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ, ‘ನಿನ್ನ ಹಾಳ್ಯಾಗ ಇದನ್ನ ಮತ್ತ ಹೊಲ ಅಂತ ಬರ್ಯೂ ಕಾಲಂ ಐತೇನು?’

ವರದಿಯಲ್ಲಿ ‘ಮಾನವ ನಿರ್ಮಿತ, ನೀರು ನಿಂತ ಭೂಮಿ’ ಎಂದು ಬರೆದೆ. ತಾಂತ್ರಿಕವಾಗಿ ಸರಿ. ಆದರೆ ಮಾಗಡಿ ಕೆರೆಗೂ ಈ ಹೊಲಕ್ಕೂ ಒಂದೇ ಹಣೆಪಟ್ಟಿ ಹಚ್ಚಿ ಉಳಿಸಿಕೊಳ್ಳಿ ಎನ್ನಲು ನನಗೆ ಮನಸ್ಸು ಬರಲಿಲ್ಲ. ಒಂದರಲ್ಲಿ ನೀರು ನಿಲ್ಲಲೆಂದೇ ಕಟ್ಟಿದ್ದರು, ಇನ್ನೊಂದರಲ್ಲಿ ನೀರು ಹೋಗಲು ದಾರಿ ಮಾಡುವುದನ್ನು ಮರೆತಿದ್ದರು.

ಬರುವ ಭಾನುವಾರ ಲ್ಯಾಬಿನ ಲೆವೆಲ್ ಉಪಕರಣ ಕೇಳಿದ್ದೇನೆ. ಹೊಲದಿಂದ ಹಳ್ಳದವರೆಗೆ ಎಷ್ಟು ಇಳಿಜಾರಿದೆ ಎಂದು ಅಳೆಯಬೇಕು. ಬಸಿಗಾಲುವೆ ತೋಡಲು ಅದು ಸಾಲುವಂತಿದ್ದರೆ ಮೇಲಿನ ಹೊಲದವರ ಹತ್ತಿರ ಮಾತಾಡಲು ಅಜ್ಜನೇ ಹೋಗುತ್ತಾನಂತೆ.