ಪುಕ್ಕದ ಚೆಂಡಿಗಾಗಿ ಮುರಿದ ನಂಟು

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಎಂಬ ಗಾಲ್ಫ್ ಬಯಲಿನಲ್ಲಿ ಆಡುವವರು ಕಡಲಂಚಿನ ಕಿರಿದಾದ ಪಟ್ಟಿಯಲ್ಲಿ ಆಡುತ್ತಾ ಊರಿನಿಂದ ದೂರ ಸಾಗುತ್ತಾರೆ, ಅದೇ ಪಟ್ಟಿಯಲ್ಲಿ ಆಡುತ್ತಾ ಊರಿಗೆ ಮರಳುತ್ತಾರೆ. ಹೋಗುವವರೂ ಬರುವವರೂ ಮುಖಾಮುಖಿಯಾಗದೆ ಇರಲಾರರು. ಒಂದು ಸುತ್ತಿಗೆ 18 ಹೋಲ್ ಎಂಬ ಲೆಕ್ಕಕ್ಕೆ 1764ರಲ್ಲಿ ಬುನಾದಿ ಬಿದ್ದದ್ದೂ ಇಲ್ಲೇ. ಅದನ್ನು ಎಲ್ಲರೂ ಬರೆಯುತ್ತಾರೆ. ನನ್ನನ್ನು ಕಾಡಿದ್ದು ಇದೇ ಬಯಲಿನಲ್ಲಿ ಹೊತ್ತಿಕೊಂಡ ಒಂದು ಚೆಂಡಿನ ಜಗಳ.

ಅಲನ್ ರಾಬರ್ಟ್‌ಸನ್ ಹತ್ತೊಂಬತ್ತನೆಯ ಶತಮಾನದ ನಡುವಿನ ಕಾಲದ ಅತ್ಯುತ್ತಮ ಆಟಗಾರ. ಆದರೆ ಆತನ ಹೊಟ್ಟೆ ತುಂಬಿಸುತ್ತಿದ್ದುದು ಪುಕ್ಕದ ಚೆಂಡು. ನೆನೆಸಿದ ಚರ್ಮದ ತುಂಡುಗಳನ್ನು ಹೊಲಿದು, ಒಂದು ಸಣ್ಣ ಸೀಳು ಉಳಿಸಿ, ಒಂದು ಹ್ಯಾಟ್ ತುಂಬುವಷ್ಟು ಬೇಯಿಸಿದ ಪುಕ್ಕವನ್ನು ಅದರೊಳಗೆ ತುರುಕಬೇಕು. ಕೈಬಲ ಸಾಲದು, ಕಬ್ಬಿಣದ ಸಲಾಕೆಯ ಹಿಡಿಯನ್ನು ಎದೆಗೆ ಆನಿಸಿಕೊಂಡು ಮೈಭಾರವನ್ನೆಲ್ಲ ಹಾಕಿ ಒತ್ತಬೇಕು. ಒಣಗುವಾಗ ಚರ್ಮ ಕುಗ್ಗುತ್ತದೆ, ಪುಕ್ಕ ಹಿಗ್ಗುತ್ತದೆ, ಚೆಂಡು ಕಲ್ಲಿನಂತಾಗುತ್ತದೆ. ಪಳಗಿದ ಕೈಗೂ ದಿನಕ್ಕೆ ಮೂರ್ನಾಲ್ಕು ಚೆಂಡಷ್ಟೇ. 1844ರಲ್ಲಿ ಅಲನ್‌ನ ಕೆಲಸದ ಮನೆಯಿಂದ ಹೊರಬಂದದ್ದು 2,456 ಚೆಂಡು. ಅಲ್ಲಿ ಕೆಲಸ ಕಲಿತವನು ಟಾಮ್ ಮಾರಿಸ್.

1848ರ ಹೊತ್ತಿಗೆ ಹೊಸ ಚೆಂಡು ಬಂತು. ಮಲಯದ ಕಾಡುಮರದ ಗಟಾಪರ್ಚಾ ಎಂಬ ಅಂಟನ್ನು ಬಿಸಿನೀರಲ್ಲಿ ಮೆತ್ತಗಾಗಿಸಿ ಉಂಡೆ ಕಟ್ಟಿದರಾಯಿತು. ಬೆಲೆ ಎಷ್ಟೋ ಕಡಿಮೆ. ಮಳೆಗೆ ನೆನೆದು ಒಡೆಯುವ ಭಯವಿಲ್ಲ. ಆಕಾರ ಕೆಟ್ಟರೆ ಮತ್ತೆ ಕಾಯಿಸಿ ತಿದ್ದಬಹುದು. ಅಲನ್ ಕೆಂಡವಾದ. ಪೊದೆಗಳಲ್ಲಿ ಸಿಕ್ಕ ಗಟಾಪರ್ಚಾ ಚೆಂಡುಗಳನ್ನು ಹುಡುಗರಿಂದ ಕೊಂಡು ಬೆಂಕಿಗೆ ಹಾಕುತ್ತಿದ್ದನಂತೆ. ಅದನ್ನು ಮುಟ್ಟುವುದಿಲ್ಲವೆಂದು ಟಾಮ್‌ನಿಂದ ಮಾತನ್ನೂ ತೆಗೆದುಕೊಂಡಿದ್ದ.

ಒಂದು ದಿನ ಆಟದ ನಡುವೆ ಟಾಮ್‌ನ ಚೆಂಡುಗಳೆಲ್ಲ ಕಳೆದುಹೋದವು. ಜೊತೆಗಾರ ಕೊಟ್ಟ ಹೊಸ ಚೆಂಡಿನಿಂದ ಆಡುತ್ತಾ ಊರ ಕಡೆ ಬರುತ್ತಿದ್ದ. ಎದುರಿಗೆ ಅಲನ್ ಆಡಲು ಹೊರಟಿದ್ದ. ಟಾಮ್ ಹೊಸ ಚೆಂಡಿನಲ್ಲಿ ಸೊಗಸಾಗಿ ಆಡುತ್ತಿದ್ದಾನೆಂದು ಯಾರೋ ಅಲನ್‌ನ ಕಿವಿಗೆ ಹಾಕಿಬಿಟ್ಟರು. ಆಮೇಲೆ ಅಲನ್‌ನ ಅಂಗಡಿಯಲ್ಲಿ ಮಾತಿಗೆ ಮಾತು ಬೆಳೆಯಿತು. ಟಾಮ್ ನಿಂತ ಕಾಲಿನಲ್ಲೇ ಕೆಲಸ ಬಿಟ್ಟ. ಇದನ್ನು ಇಳಿವಯಸ್ಸಿನಲ್ಲಿ ಹೇಳಿದವನು ಸ್ವತಃ ಟಾಮ್.

1851ರಲ್ಲಿ ಟಾಮ್ ಪ್ರೆಸ್ಟ್‌ವಿಕ್ ಎಂಬ ಊರಿಗೆ ಹೋಗಿ ಅಲ್ಲಿ 12 ಹೋಲ್‌ಗಳ ಅಂಕಣ ರೂಪಿಸಿದ. ಅಲನ್ ಕೂಡ ಕೊನೆಗೆ ಗಟಾಪರ್ಚಾ ಚೆಂಡನ್ನೇ ಮಾಡಬೇಕಾಯಿತು. 1858ರಲ್ಲಿ ಓಲ್ಡ್ ಕೋರ್ಸ್ ಅನ್ನು 79 ಹೊಡೆತಗಳಲ್ಲಿ ಮುಗಿಸಿದ. 80ರೊಳಗೆ ಮುಗಿಸಿದ ಮೊದಲಿಗ. ಮರುವರ್ಷ ತೀರಿಕೊಂಡ. ಅವನ ನಂತರ ಶ್ರೇಷ್ಠ ಯಾರೆಂದು ತೀರ್ಮಾನಿಸಲು 1860ರಲ್ಲಿ ಪ್ರೆಸ್ಟ್‌ವಿಕ್‌ನಲ್ಲಿ ಎಂಟು ಜನ ಸೇರಿದರು. ಇಂದಿನ ಓಪನ್ ಚಾಂಪಿಯನ್‌ಶಿಪ್ ಶುರುವಾದದ್ದು ಹಾಗೆ. ಗೆದ್ದವನು ವಿಲಿ ಪಾರ್ಕ್; ಟಾಮ್ ಎರಡನೆಯವ.

ಚೆಂಡು ಅಗ್ಗವಾದದ್ದರಿಂದ ಸಾಧಾರಣ ಜನರಿಗೂ ಆಟ ದಕ್ಕಿತು, ಅದು ಒಳ್ಳೆಯದೇ. ಆದರೆ ತಲೆಮಾರುಗಳ ಕೈಕಸುಬು ಕೆಲವೇ ವರ್ಷಗಳಲ್ಲಿ ಅಳಿಯಿತು. 1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾಗುವ ವೇಳೆಗೆ ಪುಕ್ಕದ ಚೆಂಡಿನ ಕಾಲ ಮುಗಿದೇ ಹೋಗಿತ್ತು. ಅತ್ತ ಸಮುದ್ರದಡಿಯ ಟೆಲಿಗ್ರಾಫ್ ತಂತಿಗಳಿಗೆ ಹೊದಿಸಲು ಇದೇ ಅಂಟು ಬೇಕೆಂದು ಮಲಯದ ಮರಗಳನ್ನು ಕಡಿದು ಉರುಳಿಸಿದರು. ನೂತನವಾದದ್ದೆಲ್ಲ ಲಾಭವೆಂದು ಬರೆಯುವವರು ಈ ಎರಡು ನಷ್ಟಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಲನ್‌ನನ್ನು ಹಟಮಾರಿ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ತನ್ನ ಕಸುಬಿಗೆ ಕೊಡಲಿ ಬೀಳುವುದನ್ನು ಎಲ್ಲರಿಗಿಂತ ಮೊದಲು ಕಂಡವನು ಆತ.

ಸೇಂಟ್ ಆಂಡ್ರೂಸ್‌ಗೆ ಹೋಗುವವರು ಕೆಥೆಡ್ರಲ್ ಆವರಣದಲ್ಲಿ ಮಾರಿಸ್ ಮನೆತನದ ಸಮಾಧಿಯನ್ನಷ್ಟೇ ನೋಡಿ ಮರಳಬೇಡಿ. ಅಲನ್ ರಾಬರ್ಟ್‌ಸನ್‌ನ ಸ್ಮಾರಕವೂ ಅಲ್ಲೇ ಇದೆ. ದಯವಿಟ್ಟು ಅದನ್ನೂ ನೋಡಿ ಬನ್ನಿ.