ಗಿಟಾರ್ ನಾದ ಮತ್ತು ಬೆರಳುಗುರಿನ ಆರೈಕೆ

ಗಿಟಾರ್ ಕೊಳ್ಳಲು ಹೊರಟವರು ಹಲಗೆ ಯಾವ ಮರದ್ದು, ತಂತಿ ಯಾವ ಕಂಪನಿಯದು ಎಂದೆಲ್ಲ ವಿಚಾರಿಸುತ್ತಾರೆ. ಆದರೆ ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನ ಮುಖ್ಯ ಅಂಗವೊಂದು ಯಾವ ಅಂಗಡಿಯಲ್ಲೂ ದೊರೆಯುವುದಿಲ್ಲ. ಅದು ವಾದಕರ ಬಲಗೈಯ ನಾಲ್ಕು ಬೆರಳುಗಳ ತುದಿಯಲ್ಲಿ ಬೆಳೆಯುತ್ತದೆ. ತಂತಿ ಹರಿದರೆ ಸಂಜೆಯೊಳಗೆ ಹೊಸದನ್ನು ಕಟ್ಟಬಹುದು. ಉಗುರು ಮುರಿದರೆ ಕಾಯುವುದೊಂದೇ ದಾರಿ. ಕೈಬೆರಳಿನ ಉಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ. ಬುಡದಿಂದ ತುದಿಯವರೆಗೆ ಪೂರ್ತಿ ಹೊಸ ಉಗುರು ಬರಲು ಹೆಚ್ಚುಕಡಿಮೆ ಆರು ತಿಂಗಳು ಹಿಡಿಯುತ್ತದೆ. ಕಾರ್ಯಕ್ರಮಕ್ಕೆ ವಾರ ಉಳಿದಿರುವಾಗ ಬಸ್ಸಿನ ಬಾಗಿಲಿಗೆ ತಾಗಿ ಉಂಗುರಬೆರಳಿನ ಉಗುರು ಸೀಳಿತೆಂದರೆ, ತಿಂಗಳುಗಟ್ಟಲೆ ತಿದ್ದಿ ತೀಡಿದ ನಾದ ಅಂದೇ ಕೈಬಿಟ್ಟಂತೆ.

ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಮಹತ್ವವೇಕೆ? ಮೆತ್ತನೆಯ, ಅಗಲವಾದ ಬೆರಳತುದಿಯಿಂದ ಮೀಟಿದಾಗ ಮೂಲಸ್ವರದ ಜೊತೆ ಹುಟ್ಟುವ ಎತ್ತರದ ಉಪಸ್ವರಗಳು ಬಹುಮಟ್ಟಿಗೆ ಅಡಗಿಹೋಗುತ್ತವೆ. ನಾದ ದುಂಡಗೆ, ತುಸು ಮಂದವಾಗಿ ಕೇಳಿಸುತ್ತದೆ. ಕಿರಿದಾದ, ಗಟ್ಟಿಯಾದ ಉಗುರಂಚಿನಿಂದ ಮೀಟಿದಾಗ ಅದೇ ಉಪಸ್ವರಗಳು ಎದ್ದು ಬರುತ್ತವೆ. ನಾದ ಸ್ಫುಟವಾಗಿ ಸಭಾಂಗಣದ ಕೊನೆಯ ಸಾಲನ್ನೂ ಮುಟ್ಟುತ್ತದೆ. ಆದರೆ ಅಂಚು ಒರಟಾಗಿದ್ದರೆ ಪ್ರತಿ ಸ್ವರದ ಮೊದಲಿಗೂ 'ಟಿಕ್' ಎಂಬ ಸದ್ದು ಅಂಟಿಕೊಳ್ಳುತ್ತದೆ.

ಇಬ್ಬರು ಗೆಳೆಯರು, ಎರಡು ದಾರಿ

ಉಗುರು ಬೇಕೇ ಬೇಡವೇ ಎಂಬ ತಕರಾರು ಹಳೆಯದು. 19ನೇ ಶತಮಾನದ ಪೂರ್ವಾರ್ಧದಲ್ಲಿ ಪ್ಯಾರಿಸ್‌ನಲ್ಲಿ ನೆಲೆಸಿದ್ದ ಸ್ಪೇನ್‌ನ ಫರ್ನಾಂಡೋ ಸೋರ್ (1778–1839) ಉಗುರಿಲ್ಲದೆ ನುಡಿಸುತ್ತಿದ್ದರು. ಅವರ ಗೆಳೆಯ, ಅದೇ ದೇಶದ ಡಿಯೋನಿಸಿಯೋ ಅಗ್ವಾಡೋ (1784–1849) ಉಗುರಿನ ಪಕ್ಷಪಾತಿ. ಇಬ್ಬರೂ ಜೊತೆಗೂಡಿ ನುಡಿಸಲೆಂದೇ ಸೋರ್ 'ಇಬ್ಬರು ಗೆಳೆಯರು' ಎಂಬ ಅರ್ಥದ ಹೆಸರಿಟ್ಟು ಯುಗಳ ಕೃತಿಯೊಂದನ್ನು ರಚಿಸಿದರು. ಸೋರ್ ಅವರ ವಾದನ ಕೇಳಿದ ಬಳಿಕ ಅಗ್ವಾಡೋ ಹೆಬ್ಬೆರಳಿಗೆ ಮಾತ್ರ ಉಗುರು ಬಳಸುವುದನ್ನು ಬಿಟ್ಟರು. ವಾದದಲ್ಲಿ ಇಷ್ಟು ಸೌಜನ್ಯದ ರಾಜಿ ಅಪರೂಪ.

ಮುಂದೆ ಫ್ರಾನ್ಸಿಸ್ಕೋ ತಾರೆಗಾ (1852–1909) ಬಾಳಿನ ಕೊನೆಯ ವರ್ಷಗಳಲ್ಲಿ ಉಗುರು ತೆಗೆದುಹಾಕಿ ನುಡಿಸತೊಡಗಿದರು. ಶಿಷ್ಯ ಎಮಿಲಿಯೋ ಪುಜೋಲ್ ಗುರುವಿನ ಈ ಹಾದಿ ಹಿಡಿದರೆ, ಇನ್ನೊಬ್ಬ ಶಿಷ್ಯ ಮಿಗೆಲ್ ಯೊಬೆತ್ ಉಗುರನ್ನು ಬಿಡಲಿಲ್ಲ. 20ನೇ ಶತಮಾನದಲ್ಲಿ ತಕ್ಕಡಿ ಉಗುರಿನ ಕಡೆಗೆ ವಾಲಿದ್ದು ಆಂಡ್ರೆಸ್ ಸೆಗೋವಿಯಾ (1893–1987) ಅವರಿಂದ. ಅವರು ದೊಡ್ಡ ಸಭಾಂಗಣಗಳಲ್ಲಿ ನುಡಿಸಿದವರು. ಬೆರಳಿನ ಮಾಂಸ ಮತ್ತು ಉಗುರು ಎರಡನ್ನೂ ಬೆರೆಸಿದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ರಾಣಿಗಳ ಕರುಳಿನಿಂದ ಮಾಡುವ ತಂತಿಗೆ ಅಭಾವ ತಲೆದೋರಿತು. ಆಗ ನ್ಯೂಯಾರ್ಕ್‌ನ ಆಲ್ಬರ್ಟ್ ಆಗಸ್ಟೀನ್ ಸೆಗೋವಿಯಾ ಅವರ ಉತ್ತೇಜನದಿಂದ ನೈಲಾನ್ ತಂತಿ ರೂಪಿಸಿದರು. ನುಣುಪಾದ ಈ ತಂತಿ ಉಗುರಿನ ಜೊತೆ ಚೆನ್ನಾಗಿ ಹೊಂದಿಕೊಂಡಿತು.

ಉದ್ದವಲ್ಲ, ಅಂಚು ಮುಖ್ಯ

ಹೊಸ ಕಲಿಕೆಯವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಉಗುರು ಉದ್ದವಾದಷ್ಟೂ ಒಳ್ಳೆಯದೆಂದು ಭಾವಿಸುತ್ತಾರೆ. ಅಂಗೈಯನ್ನು ಮುಖದೆದುರು ಹಿಡಿದು ನೋಡಿದಾಗ ಬೆರಳತುದಿಯ ಮೇಲೆ ಒಂದೂವರೆ ಮಿಲಿಮೀಟರ್‌ನಷ್ಟು ಉಗುರು ಇಣುಕಿದರೆ ಬಹುತೇಕರಿಗೆ ಸಾಕು. ಹೆಬ್ಬೆರಳಿಗೆ ತುಸು ಹೆಚ್ಚು ಇರಬಹುದು. ಅದಕ್ಕಿಂತ ಉದ್ದವಾದರೆ ಉಗುರು ತಂತಿಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತದೆ. ವೇಗ ಕುಗ್ಗುತ್ತದೆ, ಮುರಿಯುವ ಭಯ ಹೆಚ್ಚುತ್ತದೆ.

ತಂತಿ ಮೊದಲು ಬೆರಳಿನ ಮಾಂಸವನ್ನು ಮುಟ್ಟಬೇಕು, ಒಡನೆಯೇ ಉಗುರಿನ ಹೆಬ್ಬೆರಳಿನತ್ತಣ ಮಗ್ಗುಲನ್ನು ಸೇರಬೇಕು, ಅಲ್ಲಿಂದ ಇಳಿಜಾರಿನಲ್ಲಿ ಜಾರುವಂತೆ ಅಂಚಿನಗುಂಟ ಸರಿದು ಬಿಡುಗಡೆಯಾಗಬೇಕು. ಉಗುರಿಗೆ ಆಕಾರ ಕೊಡುವುದೆಂದರೆ ಈ ಇಳಿಜಾರನ್ನು ರೂಪಿಸುವುದು. ಇದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಅಚ್ಚು ಇಲ್ಲ. ತುದಿ ಕೆಳಕ್ಕೆ ಬಾಗುವ ಉಗುರಿನವರು ಗಿಡ್ಡವಾಗಿ, ಹೆಚ್ಚು ನೇರವಾದ ಅಂಚನ್ನು ಇಟ್ಟುಕೊಳ್ಳಬೇಕಾಗುತ್ತದೆ. ತಮ್ಮ ಆಕಾರ ತಿಳಿಯಲು ಸುಲಭದ ಉಪಾಯವೊಂದುಂಟು. ಮರಳು ಕಾಗದದ ಸಣ್ಣ ಪಟ್ಟಿಯನ್ನು ಒರಟು ಮುಖ ಮೇಲಾಗಿ ತಂತಿಯ ಮೇಲಿಟ್ಟು ಎಂದಿನಂತೆ ಮೆಲ್ಲನೆ ಮೀಟಿದರೆ, ಉಗುರು ತಂತಿಗೆ ತಾಗುವ ಜಾಗದಲ್ಲೇ ಸವೆಯುತ್ತದೆ. ಎಲ್ಲಿ ಉಜ್ಜಬೇಕೆಂಬುದನ್ನು ಆ ಗುರುತೇ ತೋರಿಸುತ್ತದೆ.

ನೈಲ್ ಕಟರ್ ದೂರವಿಡುವುದು ಲೇಸು. ಅದು ಉಗುರನ್ನು ಹಿಸುಕಿ ಕತ್ತರಿಸುವುದರಿಂದ ಕಣ್ಣಿಗೆ ಕಾಣದ ಸೀಳುಗಳು ಉಳಿಯುತ್ತವೆ. ಗಾಜಿನ ಫೈಲ್‌ನಿಂದ ಆಕಾರ ತಿದ್ದಿ, ನಂತರ ಬಣ್ಣ ಬಳಿಯುವವರು ಬಳಸುವ ವಾಟರ್ ಪೇಪರ್‌ನಿಂದ ನಯಗೊಳಿಸಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ 600, 1000, 2000 ಎಂಬ ಸಂಖ್ಯೆಗಳಲ್ಲಿ ಅದು ಸಿಗುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ನುಣುಪು ಹೆಚ್ಚು. ಮೇಲಂಚಿನಷ್ಟೇ ಉಗುರಿನ ಒಳಅಂಚಿಗೂ ಗಮನ ಬೇಕು, ಏಕೆಂದರೆ ತಂತಿ ಜಾರುವುದು ಅಲ್ಲಿ. ನಿತ್ಯ ಅಭ್ಯಾಸಕ್ಕೆ ಮುನ್ನ ಎರಡು ನಿಮಿಷ ಸಾಕು.

ಎಡಗೈಗೆ ಈ ಸಡಗರವಿಲ್ಲ. ತಂತಿಯನ್ನು ಒತ್ತುವ ಆ ಬೆರಳುಗಳ ಉಗುರನ್ನು ಆದಷ್ಟು ಗಿಡ್ಡ ಇಟ್ಟರೆ ಮುಗಿಯಿತು. ಸರೋದ್‌ನಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಬಲಗೈ ಜವಾ ಹಿಡಿದರೆ, ಎಡಗೈ ಉಗುರಿನ ಅಂಚಿನಿಂದಲೇ ತಂತಿಯನ್ನು ಒತ್ತಿ ಜಾರಿಸುತ್ತದೆ. 2024ರಲ್ಲಿ ನಿಧನರಾದ ಮೈಸೂರಿನ ರಾಜೀವ್ ತಾರಾನಾಥ್ ಅವರ ಸರೋದ್ ಕೇಳಿದ ಕನ್ನಡಿಗರು ಈ ಉಗುರಿನ ಕೆಲಸವನ್ನು ಅರಿಯದೆಯೇ ಆನಂದಿಸಿರುತ್ತಾರೆ. ಉಕ್ಕಿನ ತಂತಿ ಉಗುರಿನ ಮೇಲೆ ಗೆರೆ ಕೊರೆಯುವುದರಿಂದ ಸರೋದ್ ವಾದಕರಿಗೂ ಫೈಲ್ ನಿತ್ಯ ಸಂಗಾತಿ.

ನೀರು, ಅಡುಗೆಮನೆ ಮತ್ತು ನಂಬಿಕೆಗಳು

ಉಗುರು ಕೆರಾಟಿನ್ ಎಂಬ ಪ್ರೋಟೀನಿನ ಪದರಗಳಿಂದಾದದ್ದು. ಅದಕ್ಕೆ ಶತ್ರು ತಂತಿಗಿಂತ ನೀರು. ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗಿ, ಮತ್ತೆ ನೆನೆದು ಉಬ್ಬುವ ಈ ಆಟದಲ್ಲಿ ಪದರಗಳು ಒಂದರಿಂದೊಂದು ಬಿಡುತ್ತವೆ. ಆದ್ದರಿಂದ ಪಾತ್ರೆ ತೊಳೆಯುವಾಗ ಕೈಗವಸು ಅಗತ್ಯ. ಸ್ನಾನವಾದ ಕೂಡಲೇ ಉಗುರು ಉಜ್ಜುವುದಾಗಲೀ ಗಂಟೆಗಟ್ಟಲೆ ನುಡಿಸುವುದಾಗಲೀ ಬೇಡ. ಚಳಿಗಾಲದಲ್ಲಿ ಅವರೆಕಾಳು ನೆನೆಹಾಕಿ ಹಿದುಕುವ ಕೆಲಸವನ್ನು ಗಿಟಾರ್ ಕಲಿಯುವ ಮಗನಿಗೋ ಮಗಳಿಗೋ ವಹಿಸದಿರುವುದು ಒಳಿತು. ನೆನೆದು ಮೆತ್ತಗಾದ ಉಗುರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ರಾತ್ರಿ ಮಲಗುವ ಮುನ್ನ ಉಗುರಿಗೂ ಅದರ ಬುಡಕ್ಕೂ ಒಂದು ಹನಿ ಕೊಬ್ಬರಿ ಎಣ್ಣೆ ತಿಕ್ಕಬಹುದು. ಎಣ್ಣೆ ಉಗುರನ್ನು ಗಟ್ಟಿಗೊಳಿಸುವುದಿಲ್ಲ, ಒಣಗಿ ಬಿರಿಯದಂತೆ ಕಾಯುತ್ತದೆ ಅಷ್ಟೇ. ಬಲಗೈಯಲ್ಲೇ ಊಟ ಮಾಡುವವರಿಗೆ ಉಗುರಿನಡಿಯ ಸ್ವಚ್ಛತೆ ಬೇರೆ ಮಾತು. ಮೆದು ಬ್ರಷ್ ಸಾಕು, ಪಿನ್ನು ಹಾಕಿ ಕೆರೆಯಬಾರದು.

ಕ್ಯಾಲ್ಸಿಯಂ ತಿಂದರೆ ಉಗುರು ಗಟ್ಟಿಯಾಗುತ್ತದೆಂಬ ನಂಬಿಕೆ ವ್ಯಾಪಕ. ಉಗುರಿನ ಗಟ್ಟಿತನಕ್ಕೆ ಕಾರಣ ಕೆರಾಟಿನ್, ಕ್ಯಾಲ್ಸಿಯಂ ಅಲ್ಲ. ಬಯೋಟಿನ್ ಮಾತ್ರೆಯ ಬಗ್ಗೆ ಇರುವ ಪುರಾವೆಯೂ ಅಲ್ಪ. ಮೇಲಾಗಿ ಹೆಚ್ಚಿನ ಪ್ರಮಾಣದ ಬಯೋಟಿನ್ ಥೈರಾಯ್ಡ್ ಮತ್ತು ಹೃದಯಾಘಾತ ಪತ್ತೆಯ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಿಸಬಲ್ಲದು. ಅದನ್ನು ಸೇವಿಸುವವರು ವೈದ್ಯರಿಗೆ ತಿಳಿಸಿರಬೇಕು. ಉಗುರು ಗಟ್ಟಿ ಮಾಡುವುದೆಂದು ಮಾರುವ ಫಾರ್ಮಾಲ್ಡಿಹೈಡ್ ಇರುವ ಲೇಪಗಳನ್ನು ಬಹುಕಾಲ ಹಚ್ಚಿದರೆ ಉಗುರು ಇನ್ನಷ್ಟು ಪೆಡಸಾಗಿ ಮುರಿಯುತ್ತದೆ.

ಮುರಿದಾಗ

ಮುರಿದ ಉಗುರಿಗೆ ವಾದಕರು ಕಂಡುಕೊಂಡ ಮದ್ದು ವಿಚಿತ್ರವಾದರೂ ಉಪಯುಕ್ತ. ಟೇಬಲ್ ಟೆನಿಸ್ ಚೆಂಡಿನ ಬಾಗು ಉಗುರಿನ ಬಾಗನ್ನು ಹೋಲುವುದರಿಂದ, ಅದರ ಸಣ್ಣ ತುಣುಕನ್ನು ಉಗುರಿನ ಅಡಿಗೆ ಸೂಪರ್ ಗ್ಲೂನಿಂದ ಅಂಟಿಸಿ ಆಕಾರ ಕೊಡುತ್ತಾರೆ. ಸಣ್ಣ ಸೀಳಿಗೆ ರೇಷ್ಮೆಯ ತೆಳು ಚೂರಿಟ್ಟು ಅಂಟು ಸವರಿದರೂ ಆದೀತು. ಹತ್ತಿಯನ್ನು ಮಾತ್ರ ಬಳಸಕೂಡದು. ಈ ಅಂಟು ಹತ್ತಿಗೆ ತಾಗಿದರೆ ಚರ್ಮ ಸುಡುವಷ್ಟು ಬಿಸಿ ಹುಟ್ಟಬಲ್ಲದು. ಬ್ಯೂಟಿ ಪಾರ್ಲರ್‌ಗಳ ಅಕ್ರಿಲಿಕ್ ಉಗುರು ಗಟ್ಟಿ, ಉಕ್ಕಿನ ತಂತಿಯ ಗಿಟಾರ್ ನುಡಿಸುವವರಿಗೆ ಅನುಕೂಲ. ಆದರೆ ಹಚ್ಚುವಾಗ, ತೆಗೆಯುವಾಗ ಉಜ್ಜುವುದರಿಂದ ಅಡಿಯ ಸ್ವಂತ ಉಗುರು ತೆಳ್ಳಗಾಗುತ್ತದೆ. ಒಮ್ಮೆ ಹಿಡಿದರೆ ಬಿಡುವುದು ಕಷ್ಟ.

ಏನು ಮಾಡಿದರೂ ಕೆಲವರ ಉಗುರು ಕಾಗದದಂತೆ ಮಡಚಿಕೊಳ್ಳುತ್ತದೆ. ಅಂಥವರು ಪೂರ್ತಿ ಕತ್ತರಿಸಿ, ಸೋರ್ ಮತ್ತು ಪುಜೋಲ್ ಅವರಂತೆ ಬೆರಳತುದಿಯಿಂದಲೇ ನುಡಿಸಬಹುದು. ಒಂದು ಬೆರಳಿಗೆ ಉಗುರಿದ್ದು ಇನ್ನೊಂದಕ್ಕೆ ಇಲ್ಲದೆ ಸ್ವರಗಳು ಹೆಚ್ಚುಕಡಿಮೆಯಾಗಿ ಕೇಳುವುದಕ್ಕಿಂತ ಅದು ಎಷ್ಟೋ ಮೇಲು.