ಸೇತುವೆಯಿಲ್ಲದ ದ್ವೀಪದಲ್ಲಿ ಕ್ರಿಸ್‌ಮಸ್

ಹಳೇ ಗೋವಾದ ಚರ್ಚುಗಳ ಮುಂದೆ ಡಿಸೆಂಬರಿನಲ್ಲಿ ಪ್ರವಾಸಿ ಬಸ್ಸುಗಳ ಜಾತ್ರೆ. ಆದರೆ ವೈಸ್‌ರಾಯ್ ಕಮಾನಿನ ಕೆಳಗಿಂದ ಹೊಳೆಗಿಳಿಯುವ ರಸ್ತೆ ಹಿಡಿದರೆ ಗದ್ದಲ ಹಿಂದೆಯೇ ಉಳಿಯುತ್ತದೆ. ರಸ್ತೆ ಮುಗಿದಲ್ಲಿ ಮಾಂಡೋವಿ, ಆಚೆ ದಡದಲ್ಲಿ ದಿವಾರ್ ದ್ವೀಪ. ನಡೆದು ಬಂದವರಿಗೆ ಫೆರ್ರಿಯಲ್ಲಿ ಟಿಕೆಟ್ಟಿಲ್ಲ. ಹುಬ್ಬಳ್ಳಿಯಿಂದ ಹೊರಟ ನಮ್ಮ ಗೆಳೆಯರ ಗುಂಪು ಸ್ಕೂಟರು, ಮೀನಿನ ಬುಟ್ಟಿ, ಕೇಕಿನ ಡಬ್ಬಗಳ ನಡುವೆ ನಿಂತು ಹಬ್ಬದ ಹಿಂದಿನ ದಿನ ಹೊಳೆ ದಾಟಿತು.

ಬೀಚಿಗೆಂದು ಬಂದವರಿಗೆ ಇಲ್ಲಿ ನಿರಾಸೆಯೇ. ಸುತ್ತ ಇರುವುದು ನದಿ, ಕಾಂಡ್ಲಾ ಗಿಡ, ಬಯಲುಗದ್ದೆ. ಉಪ್ಪುನೀರನ್ನು ಒಡ್ಡು ಕಟ್ಟಿ ತಡೆದು ಮಾಡಿದ ಈ ಗದ್ದೆಗಳಿಗೆ ಖಾಜನ್ ಎನ್ನುತ್ತಾರೆ. ನಮ್ಮ ಅಘನಾಶಿನಿ ದಡದ ಗಜನಿ ನೋಡಿದವರಿಗೆ ಹೊಸದೇನಲ್ಲ. ಒಡ್ಡಿನ ಮಧ್ಯೆ ಮರದ ಕದಗಳ ತೂಬು. ಉಬ್ಬರ ಬಂದಾಗ ನೀರೇ ಕದವನ್ನು ದೂಡಿ ಮುಚ್ಚುತ್ತದೆ, ಇಳಿತಕ್ಕೆ ಒಳಗಿನ ನೀರು ಅದನ್ನು ತೆರೆದುಕೊಂಡು ಹೊರಗೆ ಹೋಗುತ್ತದೆ. ಮೋಟಾರಿಲ್ಲ, ಸ್ವಿಚ್ಚಿಲ್ಲ.

ನಾವು ಉಳಿದದ್ದು ಪಿಯೆದಾದ್ ಊರಿನ ಗೆಳೆಯನ ಮನೆಯಲ್ಲಿ. ಬಾಲ್ಕಾವ್‌ನಲ್ಲಿ, ಅಂದರೆ ಮನೆ ಮುಂದಿನ ಕಟ್ಟೆ ಜಗಲಿಯಲ್ಲಿ, ಗೋದಲಿ ಸಿದ್ಧವಾಗಿತ್ತು. ಅದರ ಹಸಿರು ಹುಲ್ಲು ಬಜಾರಿನದಲ್ಲ. ಮಣ್ಣಿನಲ್ಲಿ ಚೆಲ್ಲಿ ಮೊಳೆಯಿಸಿದ ರಾಗಿ. ಹಬ್ಬದ ಹೊತ್ತಿಗೆ ಬೆರಳುದ್ದ ಬೆಳೆದಿರಬೇಕೆಂಬ ಲೆಕ್ಕದಲ್ಲಿ ಬಿತ್ತುತ್ತಾರಂತೆ. ರಾಗಿಯನ್ನು ಮುದ್ದೆ, ಅಂಬಲಿಯಾಗಿ ಮಾತ್ರ ಬಲ್ಲ ನಮ್ಮವನೊಬ್ಬ ಬಗ್ಗಿ ಬಗ್ಗಿ ನೋಡಿದ.

ಅಡುಗೆಮನೆಯಲ್ಲಿ ಬೆಬಿಂಕಾ ನಡೆದಿತ್ತು. ತೆಂಗಿನಹಾಲು, ಮೊಟ್ಟೆಯ ಹಳದಿ, ಸಕ್ಕರೆ, ಮೈದಾ ಕಲಸಿದ ಹಿಟ್ಟನ್ನು ಒಂದು ಸೌಟು ಹುಯ್ದು, ಮೇಲಿನಿಂದ ಕೆಂಡದ ಕಾವು ಕೊಡಬೇಕು. ಆ ಪದರ ಕಂದುಬಣ್ಣಕ್ಕೆ ತಿರುಗಿದ ಮೇಲೆ ತುಪ್ಪ, ಮತ್ತೊಂದು ಸೌಟು, ಮತ್ತೆ ಕೆಂಡ. ಅವಸರ ಮಾಡಿದರೆ ಪದರಗಳು ಒಂದಾಗಿ ಬರೀ ಹಲ್ವಾ ಆಗುತ್ತದೆ. ಗೆಳೆಯನ ತಾಯಿ ನಮ್ಮನ್ನು ನಂಬಿ ಆ ಕೆಲಸ ಕೊಡಲಿಲ್ಲ. ಕುಲ್ಕುಲ್ ಹಿಟ್ಟಿನ ಉಂಡೆ, ಫೋರ್ಕು ಕೈಗೆ ಕೊಟ್ಟು, "ನೀವು ಇದನ್ನು ಸುತ್ತಿ ಬಾಬಾ, ಅದು ನನಗಿರಲಿ" ಎಂದರು. ಫೋರ್ಕಿನ ಬೆನ್ನಮೇಲೆ ಒತ್ತಿ ಸುರುಳಿ ಸುತ್ತುವುದು. ಮಂಗಳೂರಿನ ಕ್ರಿಸ್‌ಮಸ್ ತಿಂಡಿಗಳ ಕುಸ್ವಾರ್ ತಟ್ಟೆಯಲ್ಲಿ ಇದೇ ತಿಂಡಿಗೆ ಕಿಡಿಯೊ ಎನ್ನುತ್ತಾರೆ.

ರಾತ್ರಿ ಗುಡ್ಡದ ಮೇಲಿನ ಚರ್ಚಿನಲ್ಲಿ ಕೊಂಕಣಿ ಪೂಜೆ. ಹಾಡು ಚೆನ್ನಾಗಿತ್ತು, ಸೊಳ್ಳೆ ಜಾಸ್ತಿ.

ಮರುದಿನ ಎಲ್ಲರೂ ಹಂದಿಮಾಂಸದ ಸೊರ್ಪೊತೆಲ್, ಇಡ್ಲಿಯಂಥ ಸಾನ್ನಾ ತಿಂದು ಮಲಗಿದ್ದಾಗ ನಾವಿಬ್ಬರು ದ್ವೀಪದ ಇನ್ನೊಂದು ತುದಿಯ ನಾರ್ವೆಗೆ ನಡೆದೆವು. ನನ್ನ ಮಟ್ಟಿಗೆ ದಿವಾರ್‌ಗೆ ಬರುವ ಕನ್ನಡಿಗ ತಪ್ಪಿಸಬಾರದ ಜಾಗ ಇದು. ಗೋವೆಯ ಕದಂಬರ ಮನೆದೇವರು ಸಪ್ತಕೋಟೇಶ್ವರನ ಗುಡಿ ಇದ್ದದ್ದು ಇಲ್ಲೇ. ಆ ವಂಶದ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿಯೇ ಬೆಳಗಾವಿ ಜಿಲ್ಲೆಯ ದೇಗಾವಿಯಲ್ಲಿ ಕಮಲ ನಾರಾಯಣ ಗುಡಿ ಕಟ್ಟಿಸಿದವಳು. ಬಹಮನಿಗಳ ಕಾಲದಲ್ಲಿ ಕೆಡವಿದ್ದ ಸಪ್ತಕೋಟೇಶ್ವರನ ಗುಡಿಯನ್ನು ವಿಜಯನಗರದ ಮಾಧವ ಮಂತ್ರಿ ಮತ್ತೆ ಎತ್ತಿಸಿದ. 16ನೇ ಶತಮಾನದಲ್ಲಿ ಪೋರ್ಚುಗೀಸರು ಕೆಡವಿದರು. ಭಕ್ತರು ಲಿಂಗವನ್ನು ಹೊಳೆ ದಾಟಿಸಿದರು. ಆಚೆ ದಡದ ಊರಿಗೂ ನಾರ್ವೆ ಎಂದೇ ಹೆಸರು; 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದ ಗುಡಿ ಅಲ್ಲಿದೆ. ದ್ವೀಪದಲ್ಲಿ ಉಳಿದಿರುವುದು ಕೋಟಿತೀರ್ಥದ ಕೆರೆ. ಫೆರ್ರಿ ಹಿಡಿದರೆ ಎರಡನ್ನೂ ಒಂದೇ ಬೆಳಿಗ್ಗೆ ನೋಡಬಹುದು.

ಕೊಂಕಣ ರೈಲು ಈ ದ್ವೀಪದ ಮೇಲೆಯೇ ಹಾದುಹೋಗುತ್ತದೆ, ಆದರೆ ನಿಲ್ಲುವುದಿಲ್ಲ. ವಾಹನಕ್ಕೆ ಸೇತುವೆಯೂ ಇಲ್ಲ. ರಾತ್ರಿ ಆಸ್ಪತ್ರೆಗೆ ಓಡಬೇಕಾದವರ ಕಷ್ಟ ಸುಳ್ಳಲ್ಲ, ಆದರೂ ಪ್ರವಾಸಿಗರಿಂದ ತುಂಬಿದ ಕಲಂಗೂಟ್ ಬೀಚಿನ ಗತಿ ಇದಕ್ಕೆ ಬಾರದಿರುವುದಕ್ಕೆ ಹೊಳೆಯೇ ಕಾರಣವೆಂದು ನನಗನ್ನಿಸಿತು.

ಹೋಗುವವರು ಕರ್ಮಳಿ ನಿಲ್ದಾಣದಲ್ಲಿ ಇಳಿಯಿರಿ, ಹಳೇ ಗೋವಾ ಅಲ್ಲಿಗೆ ಹತ್ತಿರ. ಕಾರನ್ನು ಈಚೆ ದಡದಲ್ಲೇ ಬಿಡಿ. ಕೊನೆಯ ಫೆರ್ರಿ ಎಷ್ಟು ಹೊತ್ತಿಗೆಂದು ಹತ್ತುವ ಮುಂಚೆಯೇ ಕೇಳಿಕೊಳ್ಳಿ. ಯಾರ ಮನೆ ಗೋದಲಿಯ ಫೋಟೊ ತೆಗೆಯುವುದಾದರೂ ಒಂದು ಮಾತು ಕೇಳಿ ತೆಗೆಯಿರಿ.